ಐ3 ತೆಗೆದು ಐ7 ಹಾಕಿಸುವ ಮುನ್ನ

“ಅಣ್ಣಾ, ಇದ್ರಲ್ಲಿ ಐ3 ಅದೆ. ತೆಗ್ದು ಐ7 ಹಾಕ್ಕೊಟ್ರೆ ಎಷ್ಟಾಯ್ತದೆ?”

ಚಾಮರಾಜನಗರದಲ್ಲಾಗಲಿ ಗುಂಡ್ಲುಪೇಟೆಯಲ್ಲಾಗಲಿ ಕಂಪ್ಯೂಟರ್ ರಿಪೇರಿ ಅಂಗಡಿಯವರಿಗೆ ಈ ಪ್ರಶ್ನೆ ಹೊಸದಲ್ಲ. ಕೇಳುವವರಲ್ಲಿ ಪದವಿ ಓದುವ ಹುಡುಗ ಹುಡುಗಿಯರಿದ್ದಾರೆ, ತಾಲ್ಲೂಕು ಕಚೇರಿಯ ಸುತ್ತಮುತ್ತ ಟೈಪಿಂಗ್, ಡಿಟಿಪಿ ಮಾಡುವವರಿದ್ದಾರೆ, ಮದುವೆ ವಿಡಿಯೊ ಎಡಿಟ್ ಮಾಡುವವರಿದ್ದಾರೆ. ಕೈಯಲ್ಲಿರುವುದು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಣ್ಣನೋ ಭಾವನೋ ಬಿಟ್ಟುಕೊಟ್ಟ ಲ್ಯಾಪ್‌ಟಾಪ್. ಇಲ್ಲವೇ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ, ಯಾವುದೋ ಕಂಪನಿ ಬಳಸಿ ವಿಲೇವಾರಿ ಮಾಡಿದ ಡೆಲ್ ಲ್ಯಾಟಿಟ್ಯೂಡ್ ಅಥವಾ ಲೆನೊವೊ ಥಿಂಕ್‌ಪ್ಯಾಡ್. ಮೈಕಟ್ಟು ಗಟ್ಟಿಯಾಗಿದೆ, ಪರದೆ ಚೆನ್ನಾಗಿದೆ, ಓಟ ಮಾತ್ರ ನಿಧಾನ. ಪ್ರೊಸೆಸರ್ ಬದಲಿಸಿಬಿಟ್ಟರೆ ಇನ್ನೆರಡು ವರ್ಷ ತಳ್ಳಬಹುದಲ್ಲ ಎಂಬ ಲೆಕ್ಕ ಸಹಜವೇ.

ಕೆಲಸ ಬಲ್ಲ ಅಂಗಡಿಯವನು ಬೆಲೆ ಹೇಳುವ ಮೊದಲು ಲ್ಯಾಪ್‌ಟಾಪನ್ನು ಮಗುಚಿ ಅಡಿಯ ಚೀಟಿಯಲ್ಲಿ ಮಾಡೆಲ್ ಯಾವುದೆಂದು ನೋಡುತ್ತಾನೆ. ಮಾಡೆಲ್ ಕೇಳದೆ ಬೆಲೆ ಹೇಳುವವನ ಹತ್ತಿರ ಸ್ವಲ್ಪ ಹುಷಾರಾಗಿರಬೇಕು. ಏಕೆಂದರೆ ಇಲ್ಲಿ ಹಣದ ಮಾತು ಬರುವುದು ಕೊನೆಗೆ. ಆ ಲ್ಯಾಪ್‌ಟಾಪಿನ ಪ್ರೊಸೆಸರ್ ಬಿಚ್ಚಲು ಬರುತ್ತದೆಯೇ, ಬಿಚ್ಚಲು ಬಂದರೆ ಸಾಕೆಟ್ ಯಾವುದು, ಸಾಕೆಟ್ ಹೊಂದಿದರೂ ಮದರ್‌ಬೋರ್ಡ್ ಹೊಸ ಪ್ರೊಸೆಸರನ್ನು ಗುರುತಿಸುತ್ತದೆಯೇ, ಗುರುತಿಸಿದರೂ ಅದರ ಶಾಖವನ್ನು ಫ್ಯಾನ್ ತಡೆದುಕೊಳ್ಳುತ್ತದೆಯೇ ಎಂಬುದೆಲ್ಲ ಮೊದಲು ತೀರ್ಮಾನವಾಗಬೇಕು. ಇವತ್ತು ಅಂಗಡಿಗೆ ಬರುವ ಹತ್ತಾರು ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವು ಮೊದಲ ಪ್ರಶ್ನೆಯಲ್ಲೇ ಸೋಲುತ್ತವೆ.

ಬಿಚ್ಚಬಹುದಾದದ್ದು, ಬೆಸುಗೆ ಹಾಕಿದ್ದು

ಮೇಜಿನ ಮೇಲಿನ ಡೆಸ್ಕ್‌ಟಾಪ್ ನೋಡಿ ಅಭ್ಯಾಸವಾದವರಿಗೆ ಪ್ರೊಸೆಸರ್ ಎಂದರೆ ತೆಗೆದು ಹಾಕುವ ವಸ್ತು. ಲ್ಯಾಪ್‌ಟಾಪಿನಲ್ಲಿ ಎರಡು ಬಗೆ ಇದೆ. ಒಂದರಲ್ಲಿ ಪ್ರೊಸೆಸರ್‌ನ ಅಡಿಯಲ್ಲಿ ಸೂಜಿಯಂಥ ನೂರಾರು ಪಿನ್‌ಗಳಿರುತ್ತವೆ, ಮದರ್‌ಬೋರ್ಡಿನಲ್ಲಿ ಅಷ್ಟೇ ರಂಧ್ರಗಳ ಸಾಕೆಟ್ ಇರುತ್ತದೆ. ಇದಕ್ಕೆ ಪಿಜಿಎ ಎನ್ನುತ್ತಾರೆ. ಸಾಕೆಟ್ಟಿನ ಪಕ್ಕದಲ್ಲಿ ಒಂದು ಚಪ್ಪಟೆ ತಲೆಯ ಸ್ಕ್ರೂ ಇದ್ದು, ಅದನ್ನು ಅರ್ಧ ಸುತ್ತು ತಿರುಗಿಸಿದರೆ ಹಿಡಿತ ಸಡಿಲವಾಗಿ ಪ್ರೊಸೆಸರ್ ಕೈಗೆ ಬರುತ್ತದೆ. ಎರಡನೆಯ ಬಗೆ ಬಿಜಿಎ. ಇದರಲ್ಲಿ ಪಿನ್‌ಗಳಿಲ್ಲ, ಬೆಸುಗೆಯ ಪುಟ್ಟ ಗುಂಡುಗಳಿವೆ. ಕಾರ್ಖಾನೆಯಲ್ಲಿ ಆ ಗುಂಡುಗಳನ್ನು ಕರಗಿಸಿ ಪ್ರೊಸೆಸರನ್ನು ಮದರ್‌ಬೋರ್ಡಿಗೇ ಅಂಟಿಸಿಬಿಡುತ್ತಾರೆ.

ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಬಿಚ್ಚಬಹುದಾದ ಪ್ರೊಸೆಸರ್‌ಗಳ ಕಾಲ ಯಾವಾಗ ಮುಗಿಯಿತೆಂಬುದು ಸ್ಪಷ್ಟವಾಗಿದೆ. ಕೋರ್ 2 ಡ್ಯುಯೊ ಕಾಲದಲ್ಲಿ, 2006ರಲ್ಲಿ ಸಾಕೆಟ್ ಎಂ, 2007ರಲ್ಲಿ ಸಾಕೆಟ್ ಪಿ ಬಂದವು. ಮೊದಲ ತಲೆಮಾರಿನ ಐ3, ಐ5, ಐ7ಗಳಿಗೆ ಸಾಕೆಟ್ ಜಿ1. ಎರಡನೆಯ ತಲೆಮಾರಿಗೆ 2011ರಲ್ಲಿ ಬಂದದ್ದು ಸಾಕೆಟ್ ಜಿ2, 2012ರ ಮೂರನೆಯ ತಲೆಮಾರಿಗೂ ಅದೇ ಮುಂದುವರಿಯಿತು. ನಾಲ್ಕನೆಯ ತಲೆಮಾರಿಗೆ 2013ರಲ್ಲಿ ಜಿ3. ಅಲ್ಲಿಗೆ ಕಥೆ ಮುಗಿಯಿತು. ಐದನೆಯ ತಲೆಮಾರಿನಿಂದ ಇಂಟೆಲ್ ಲ್ಯಾಪ್‌ಟಾಪಿಗೆಂದು ತಯಾರಿಸಿದ ಪ್ರೊಸೆಸರ್‌ಗಳೆಲ್ಲ ಬೆಸುಗೆಯವೇ.

ಎಎಂಡಿ ಕೂಡ ಹೆಚ್ಚು ಕಡಿಮೆ ಅದೇ ದಾರಿ ಹಿಡಿಯಿತು. 2006ರಿಂದ 638 ಪಿನ್‌ಗಳ ಎಸ್1, 2011ರಲ್ಲಿ 722 ಪಿನ್‌ಗಳ ಎಫ್‌ಎಸ್1, ಮರುವರ್ಷ ಅದರ ಪರಿಷ್ಕೃತ ರೂಪ ಎಫ್‌ಎಸ್1ಆರ್2. ಎ8-4500ಎಂ, ಎ10-4600ಎಂ ಥರದವು ಈ ಕೊನೆಯ ಸಾಕೆಟ್ಟಿನವು. ಅದೇ ಕಾಲದಲ್ಲಿ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಬಂದ ಇ-ಸರಣಿಯ ಪ್ರೊಸೆಸರ್‌ಗಳು ಮಾತ್ರ ಹೆಚ್ಚಾಗಿ ಬೆಸುಗೆಯವು. ರೈಜನ್ ಹೆಸರಿನ ಲ್ಯಾಪ್‌ಟಾಪ್ ಪ್ರೊಸೆಸರ್ ಯಾವುದೇ ಇರಲಿ, ಬಿಚ್ಚುವ ಮಾತಿಲ್ಲ.

ಹಾಗಾಗಿ ನಿಮ್ಮ ಲ್ಯಾಪ್‌ಟಾಪ್ 2015ರ ನಂತರ ತಯಾರಾದದ್ದಾದರೆ ಪ್ರೊಸೆಸರ್ ಆಸೆಯನ್ನು ಇಲ್ಲಿಗೇ ಬಿಟ್ಟು, ಎಸ್‌ಎಸ್‌ಡಿಯ ಮಾತು ಬರುವಲ್ಲಿಗೆ ಹೋಗಬಹುದು. ಅಪವಾದಗಳಿಲ್ಲವೆಂದಲ್ಲ. 2019ರ ಏಲಿಯನ್‌ವೇರ್ ಏರಿಯಾ-51ಎಂ ಎಂಬ ಭಾರಿ ಗೇಮಿಂಗ್ ಲ್ಯಾಪ್‌ಟಾಪಿನಲ್ಲಿ ಡೆಸ್ಕ್‌ಟಾಪಿನ ಪ್ರೊಸೆಸರನ್ನೇ ಸಾಕೆಟ್ ಸಮೇತ ಕೂರಿಸಿದ್ದರು. ನಮ್ಮ ಬಸ್ಸುಗಳಲ್ಲಿ ಅಂಥದ್ದನ್ನು ಹೊತ್ತು ತಿರುಗುವವರು ಅಪರೂಪ. ಸರ್ಕಾರಿ ಕಾಲೇಜುಗಳಲ್ಲಿ ಉಚಿತವಾಗಿ ಸಿಕ್ಕ ಲ್ಯಾಪ್‌ಟಾಪ್‌ಗಳೂ ಈಚಿನವಾದ್ದರಿಂದ ಅವುಗಳ ಪ್ರೊಸೆಸರ್ ಕೂಡ ಬೋರ್ಡಿಗೆ ಅಂಟಿದ್ದೇ.

“ಬಿಜಿಎ ಆದ್ರೇನು ಸಾರ್, ಚಿಪ್ ಲೆವೆಲ್‌ನಲ್ಲಿ ಮಾಡ್ಕೊಡ್ತೀವಿ” ಎನ್ನುವವರು ಮೈಸೂರು, ಬೆಂಗಳೂರುಗಳಲ್ಲಿ ಸಿಗುತ್ತಾರೆ. ಸುಳ್ಳಲ್ಲ. ಬಿಸಿಗಾಳಿಯ ಮೆಷಿನ್ನಿನಲ್ಲಿ ಹಳೆಯ ಚಿಪ್ಪನ್ನು ಎಬ್ಬಿಸಿ, ಹೊಸ ಗುಂಡುಗಳನ್ನು ಕೂರಿಸಿ ಬೇರೆ ಚಿಪ್ ಅಂಟಿಸುವ ಕೈಚಳಕ ಅವರಲ್ಲಿದೆ. ಆದರೆ ಆ ವಿದ್ಯೆ ಇರುವುದು ಕೆಟ್ಟ ಬೋರ್ಡನ್ನು ಬದುಕಿಸಲು. ಚೆನ್ನಾಗಿ ಓಡುತ್ತಿರುವ ಬೋರ್ಡನ್ನು ಬರೀ ವೇಗದ ಆಸೆಗೆ ಇನ್ನೂರು ಡಿಗ್ರಿ ದಾಟಿಸಿ ಕಾಯಿಸುವುದು ನನ್ನ ದೃಷ್ಟಿಯಲ್ಲಿ ಜೂಜು. ಅದಕ್ಕೆ ಕೊಡುವ ಹಣಕ್ಕೆ ಒಳ್ಳೆಯ ಪ್ರೊಸೆಸರ್ ಇರುವ ಮದರ್‌ಬೋರ್ಡೇ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುವುದುಂಟು.

ಕೊನೆಯ ಅಕ್ಷರ ಓದಿ

ಪ್ರೊಸೆಸರ್ ಹೆಸರಿನಲ್ಲಿ ಎಲ್ಲರೂ ನೋಡುವುದು ಐ3, ಐ5, ಐ7 ಎಂಬ ಮುಂಭಾಗವನ್ನು. ನಮಗೆ ಬೇಕಾದ ಸಂಗತಿ ಇರುವುದು ನಂತರದ ಅಂಕಿಗಳಲ್ಲಿ ಮತ್ತು ಕೊನೆಯ ಅಕ್ಷರದಲ್ಲಿ. ಐ5-430ಎಂ ಎಂದು ಮೂರೇ ಅಂಕಿಗಳಿದ್ದರೆ ಮೊದಲ ತಲೆಮಾರು. ನಾಲ್ಕು ಅಂಕಿಗಳಿದ್ದರೆ ಮೊದಲ ಅಂಕಿಯೇ ತಲೆಮಾರು: ಐ3-2350ಎಂ ಎರಡನೆಯದು, ಐ3-3110ಎಂ ಮೂರನೆಯದು, ಐ5-4200ಎಂ ನಾಲ್ಕನೆಯದು.

ಕೊನೆಯಲ್ಲಿ ಯು ಇದ್ದರೆ ಕಡಿಮೆ ವಿದ್ಯುತ್ತಿನದು, ಬೆಸುಗೆ ಹಾಕಿದ್ದು. ವೈ ಇದ್ದರೂ ಅಷ್ಟೇ. ಎಚ್‌ಕ್ಯೂ, ಎಚ್ ಎಂದಿದ್ದರೆ ಬಲಶಾಲಿ, ಆದರೆ ಅದೂ ಬೆಸುಗೆಯದೇ. ಪೆಂಟಿಯಂ, ಸೆಲೆರಾನ್‌ಗಳಲ್ಲಿ ಎನ್ ಅಕ್ಷರದಿಂದ ಶುರುವಾಗುವ ಎನ್2840, ಎನ್3540 ಮುಂತಾದವೂ ಹಾಗೆಯೇ. ಎಂ, ಕ್ಯೂಎಂ, ಎಂಕ್ಯೂ ಎಂದಿದ್ದರೆ ಆಸೆ ಇಟ್ಟುಕೊಳ್ಳಬಹುದು.

ಇಟ್ಟುಕೊಳ್ಳಬಹುದು ಅಷ್ಟೇ, ಖಚಿತವಲ್ಲ. ಎರಡು ಮತ್ತು ಮೂರನೆಯ ತಲೆಮಾರಿನ ಎಂ ಅಕ್ಷರದ ಕೆಲವು ಪ್ರೊಸೆಸರ್‌ಗಳನ್ನು ಇಂಟೆಲ್ ಎರಡೂ ರೂಪದಲ್ಲಿ ಮಾರಿತು. ಐ5-2520ಎಂ, ಐ5-3210ಎಂ ಪಿನ್ ಇರುವ 988ರಲ್ಲೂ ಬಂದವು, ಬೆಸುಗೆಯ 1023ರಲ್ಲೂ ಬಂದವು. ಹೆಸರು ಒಂದೇ, ವೇಗ ಒಂದೇ, ಅಡಿಭಾಗ ಮಾತ್ರ ಬೇರೆ. ತೆಳ್ಳಗಿನ ಲ್ಯಾಪ್‌ಟಾಪ್ ಮಾಡುವವರು ಬೆಸುಗೆಯದನ್ನು ಆರಿಸಿಕೊಂಡರು.

ಲ್ಯಾಪ್‌ಟಾಪಿನ ಹೆಸರಿನಲ್ಲೂ ಇಂಥದೇ ಬಲೆ ಇದೆ. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಓಡಾಡುವ ಥಿಂಕ್‌ಪ್ಯಾಡ್ ಟಿ440 ಮತ್ತು ಟಿ440ಪಿ ನೋಡಿ. ಒಂದೇ ವರ್ಷದವು, ಒಂದೇ ತಲೆಮಾರಿನ ಪ್ರೊಸೆಸರ್. ಟಿ440 ಯು ಸರಣಿಯದು, ಪ್ರೊಸೆಸರ್ ಬೋರ್ಡಿಗೆ ಅಂಟಿದ್ದು. ಟಿ440ಪಿ ಸ್ವಲ್ಪ ದಪ್ಪ, ಅದರಲ್ಲಿ ಜಿ3 ಸಾಕೆಟ್ ಇದೆ, ನಾಲ್ಕು ಕೋರ್‌ಗಳ ಐ7 ಜೊತೆಗೂ ಅದನ್ನು ಕಂಪನಿಯೇ ಮಾರಿತ್ತು. ಡೆಲ್‌ನಲ್ಲಿ ಲ್ಯಾಟಿಟ್ಯೂಡ್ ಇ6420, ಇ6430, ಇ6440 ಮೂರಕ್ಕೂ ಸಾಕೆಟ್ ಇದೆ, ಇ7440ಕ್ಕೆ ಇಲ್ಲ. ಎಚ್‌ಪಿಯಲ್ಲಿ ಎಲೀಟ್‌ಬುಕ್ 8470ಪಿಗೆ ಇದೆ, ಅದರ ಮುಂದಿನ 840 ಜಿ1ಗೆ ಇಲ್ಲ. ಮಾರುವವರ ಬಾಯಲ್ಲಿ ಇವೆಲ್ಲ ಬರೀ “ಐ5” ಆಗಿಬಿಡುತ್ತವೆ. ಮುಂದೆ ಪ್ರೊಸೆಸರ್ ಬದಲಿಸುವ ಯೋಚನೆ ಇದ್ದರೆ ಪೂರ್ತಿ ಮಾಡೆಲ್ ಹೆಸರನ್ನು ಅಕ್ಷರ ಬಿಡದೆ ಬರೆದುಕೊಳ್ಳಿ.

ಮನೆಯಲ್ಲೇ ನೋಡಿಕೊಳ್ಳುವ ದಾರಿ

ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶವನ್ನು ಅದರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ತೆರೆದ ಕೂಡಲೇ ಮೊದಲ ಪುಟದಲ್ಲಿ ‘ಪ್ಯಾಕೇಜ್’ ಎಂಬ ಸಾಲು ಕಾಣುತ್ತದೆ. ಅಲ್ಲಿ 988ಬಿ ಆರ್‌ಪಿಜಿಎ ಎಂದು ಬಂದರೆ ಜಿ2 ಸಾಕೆಟ್. ಪಿಜಿಎ ಬದಲು ಬಿಜಿಎ ಎಂದಿದ್ದರೆ ಬೆಸುಗೆ. ಇಲ್ಲಿ ಅನೇಕರು ಎಡವುತ್ತಾರೆ. ಬೆಸುಗೆ ಹಾಕಿದ ಪ್ರೊಸೆಸರ್‌ಗೂ ಆ ತಂತ್ರಾಂಶ ‘ಸಾಕೆಟ್ 1356 ಎಫ್‌ಸಿಬಿಜಿಎ’, ‘ಸಾಕೆಟ್ ಎಫ್‌ಪಿ5’ ಎಂದೇ ತೋರಿಸುತ್ತದೆ. ಸಾಕೆಟ್ ಎಂದು ಬರೆದ ಮಾತ್ರಕ್ಕೆ ಒಳಗೆ ಸಾಕೆಟ್ ಇದೆ ಎಂದು ತಿಳಿದು ಆನ್‌ಲೈನ್‌ನಲ್ಲಿ ಪ್ರೊಸೆಸರ್ ತರಿಸಿಕೊಂಡರೆ ಹಣ ಹೋದ ಹಾಗೆಯೇ. ಬಿಜಿಎ ಎಂಬ ಮೂರಕ್ಷರ, ಎಎಂಡಿಯಾದರೆ ಎಫ್‌ಪಿ ಅಥವಾ ಎಫ್‌ಟಿ ಎಂಬ ಆರಂಭ ಕಂಡರೆ ಅಲ್ಲಿಗೇ ನಿಲ್ಲಿಸಿ.

ಅದೇ ತಂತ್ರಾಂಶದ ‘ಮೇನ್‌ಬೋರ್ಡ್’ ಪುಟಕ್ಕೂ ಹೋಗಿ. ‘ಸೌತ್‌ಬ್ರಿಡ್ಜ್’ ಎಂಬ ಸಾಲಿನಲ್ಲಿ ಎಚ್‌ಎಂ65, ಎಚ್‌ಎಂ70, ಎಚ್‌ಎಂ76, ಕ್ಯೂಎಂ87 ಹೀಗೆ ಏನೋ ಇರುತ್ತದೆ. ಅದು ಚಿಪ್‌ಸೆಟ್. ಅದರ ಕೆಳಗೆ ಬಯಾಸ್‌ನ ಆವೃತ್ತಿ ಮತ್ತು ದಿನಾಂಕ. ಈ ಎರಡು ಪುಟಗಳ ಫೋಟೊವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಂಡರೆ ಅಂಗಡಿಯವನಿಗೆ ವಾಟ್ಸ್‌ಆ್ಯಪ್ ಮಾಡಿ ಕೇಳಬಹುದು, ಬರೀ ವಿಚಾರಿಸಲೆಂದು ಮೈಸೂರಿನವರೆಗೆ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗಬೇಕಿಲ್ಲ. ಲಿನಕ್ಸ್ ಬಳಸುವವರಿಗೆ ಟರ್ಮಿನಲ್‌ನಲ್ಲಿ ಡಿಎಂಐಡಿಕೋಡ್ ಎಂಬ ಆದೇಶವಿದೆ. ಪ್ರೊಸೆಸರ್ ವಿಭಾಗದ ‘ಅಪ್‌ಗ್ರೇಡ್’ ಸಾಲಿನಲ್ಲಿ ಸಾಕೆಟ್ಟಿನ ಹೆಸರಿರುತ್ತದೆ. ಆದರೆ ಆ ಸಾಲನ್ನು ತುಂಬಿಸುವವರು ಬಯಾಸ್ ಬರೆದವರು. ಅವರು ಉದಾಸೀನ ಮಾಡಿದ್ದರೆ ಅಲ್ಲಿ ತಪ್ಪೇ ಇರಬಹುದು.

ಎಲ್ಲಕ್ಕಿಂತ ನಂಬಿಕೆಯ ಸಾಕ್ಷಿ ಕಂಪನಿಯ ಸರ್ವಿಸ್ ಮ್ಯಾನುಯಲ್. ಲೆನೊವೊ, ಡೆಲ್, ಎಚ್‌ಪಿ ಮೂರೂ ತಮ್ಮ ಹಳೆಯ ಮಾಡೆಲ್‌ಗಳ ಮ್ಯಾನುಯಲ್‌ಗಳನ್ನು ತಾಣದಲ್ಲಿ ಉಚಿತವಾಗಿ ಇಟ್ಟಿವೆ. ಅದರಲ್ಲಿ ಪ್ರೊಸೆಸರ್ ತೆಗೆಯುವ ವಿಧಾನಕ್ಕೆಂದೇ ಒಂದು ಅಧ್ಯಾಯವಿದ್ದರೆ ಸಾಕೆಟ್ ಇದೆ ಎಂದರ್ಥ. ಎಚ್‌ಪಿ ಮ್ಯಾನುಯಲ್‌ನ ಬಿಡಿಭಾಗಗಳ ಪಟ್ಟಿಯಲ್ಲಿ ಪ್ರೊಸೆಸರ್‌ಗಳಿಗೆ ಪ್ರತ್ಯೇಕ ಪಾರ್ಟ್ ನಂಬರ್ ಇದ್ದರೆ ಒಳ್ಳೆಯ ಸುದ್ದಿ. ಮದರ್‌ಬೋರ್ಡಿನ ಸಾಲಿನಲ್ಲೇ ‘ಪ್ರೊಸೆಸರ್ ಸೇರಿ’ ಎಂದಿದ್ದರೆ ಎರಡೂ ಒಟ್ಟಿಗೆ ಅಂಟಿಕೊಂಡಿವೆ. ಅದೇ ಪಟ್ಟಿ ಇನ್ನೊಂದು ಉಪಕಾರ ಮಾಡುತ್ತದೆ. ಆ ಮಾಡೆಲ್ ಯಾವ ಯಾವ ಪ್ರೊಸೆಸರ್‌ಗಳೊಂದಿಗೆ ಕಾರ್ಖಾನೆಯಿಂದ ಹೊರಬಂತು ಎಂಬುದು ಅಲ್ಲಿರುತ್ತದೆ. ಆ ಪಟ್ಟಿಯ ಒಳಗಿನದನ್ನೇ ಕೊಂಡರೆ ಮುಂದೆ ಹೇಳುವ ತಾಪತ್ರಯಗಳಲ್ಲಿ ಮುಕ್ಕಾಲು ಪಾಲು ತಪ್ಪುತ್ತವೆ.

ಹೊಸದಾಗಿ ಕೊಳ್ಳಬೇಕೆಂದಿರುವ ಪ್ರೊಸೆಸರ್‌ನ ವಿವರಕ್ಕೆ ಇಂಟೆಲ್‌ನ ತಾಣದಲ್ಲಿ ಆರ್ಕ್ ಎಂಬ ವಿಭಾಗವಿದೆ. ಹೆಸರು ಕೊಟ್ಟರೆ ಯಾವ ಸಾಕೆಟ್, ಎಷ್ಟು ವ್ಯಾಟ್, ಎಷ್ಟು ಕೋರ್ ಎಲ್ಲವೂ ಸಿಗುತ್ತವೆ. ಐದು ನಿಮಿಷದ ಕೆಲಸ.

ಕೂತರೂ ಓಡದ ಪ್ರೊಸೆಸರ್

ಈಗ ಸಾಕೆಟ್ ಇದೆ, ಹೊಂದುವ ಪ್ರೊಸೆಸರೂ ಸಿಕ್ಕಿದೆ ಎಂದಿಟ್ಟುಕೊಳ್ಳೋಣ. ಹೆಚ್ಚಿನ ಹಣ ಪೋಲಾಗುವುದು ಇಲ್ಲಿಂದ ಮುಂದೆ.

ಪಿನ್‌ಗಳ ಎಣಿಕೆ ನಂಬಿ ಹೋಗಬೇಡಿ. ಜಿ1 ಮತ್ತು ಜಿ2 ಎರಡಕ್ಕೂ 988 ಪಿನ್‌ಗಳೇ. ಆದರೆ ಒಂದು ಪಿನ್ನಿನ ಜಾಗವನ್ನು ಬದಲಿಸಿರುವುದರಿಂದ ಒಂದರದು ಇನ್ನೊಂದರಲ್ಲಿ ಕೂರುವುದಿಲ್ಲ. “988 ಅಂತ ಇದೆಯಲ್ಲ” ಎಂದು ಒತ್ತಿದರೆ ಪಿನ್ ಬಾಗುತ್ತದೆ. ನಾಲ್ಕನೆಯ ತಲೆಮಾರಿನದು ಮೂರನೆಯದರ ಸಾಕೆಟ್ಟಿಗೆ ಹೇಗೂ ಬರುವುದಿಲ್ಲ.

ಎರಡನೆಯ ತಲೆಮಾರಿನ ಲ್ಯಾಪ್‌ಟಾಪಿಗೆ ಮೂರನೆಯ ತಲೆಮಾರಿನ ಪ್ರೊಸೆಸರ್ ಹಾಕಬಹುದೇ? ಸಾಕೆಟ್ ಒಂದೇ ಆದ್ದರಿಂದ ಸಲೀಸಾಗಿ ಕೂರುತ್ತದೆ. ಓಡಬೇಕಾದರೆ ಎಚ್‌ಎಂ65 ಥರದ ಹಳೆಯ ಚಿಪ್‌ಸೆಟ್ಟಿಗೆ ಹೊಸ ಬಯಾಸ್ ಬೇಕು, ಅದರೊಳಗಿನ ಮ್ಯಾನೇಜ್‌ಮೆಂಟ್ ಎಂಜಿನ್ ಎಂಬ ಭಾಗವೂ ಹೊಸದಾಗಬೇಕು. ಬಹುತೇಕ ಲ್ಯಾಪ್‌ಟಾಪ್ ಕಂಪನಿಗಳು ಅಂಥ ಬಯಾಸ್ ಕೊಡುವ ಗೋಜಿಗೇ ಹೋಗಲಿಲ್ಲ. ಫಲವಾಗಿ ಪವರ್ ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಾಗಿಯೇ ಇರುತ್ತದೆ. ಹಿಂದುಮುಂದಾದರೆ ಅಷ್ಟು ತೊಂದರೆಯಿಲ್ಲ. ಮೂರನೆಯ ತಲೆಮಾರಿಗೆಂದು ಬಂದ ಎಚ್‌ಎಂ76, ಎಚ್‌ಎಂ77 ಬೋರ್ಡುಗಳು ಸಾಮಾನ್ಯವಾಗಿ ಎರಡನೆಯದನ್ನೂ ನಡೆಸುತ್ತವೆ. ಆದರೆ ಹಿಂದಿನದನ್ನು ಯಾರು ಹಾಕಿಸುತ್ತಾರೆ!

ಎಲ್ಲಕ್ಕಿಂತ ಕುಟಿಲವಾದದ್ದು ಎಚ್‌ಎಂ70. 2012ರ ನಂತರ ಪೆಂಟಿಯಂ, ಸೆಲೆರಾನ್ ಹಾಕಿ ಅಗ್ಗಕ್ಕೆ ಮಾರಿದ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಈ ಚಿಪ್‌ಸೆಟ್ ಇದೆ. ಇದು ಆ ಎರಡು ಜಾತಿಯ ಪ್ರೊಸೆಸರ್‌ಗಳಿಗೆ ಮಾತ್ರ ಎಂದು ಇಂಟೆಲ್ ಗೆರೆ ಎಳೆದಿತ್ತು. ಅದರಲ್ಲಿ ಐ3 ಅಥವಾ ಐ5 ಹಾಕಿದರೆ ಲ್ಯಾಪ್‌ಟಾಪ್ ಆನ್ ಆಗುತ್ತದೆ, ವಿಂಡೋಸ್ ಬರುತ್ತದೆ, ಹೆಸರೂ ಸರಿಯಾಗಿ ಕಾಣುತ್ತದೆ. ಹಾಕಿಸಿದವರು ಸಂತೋಷದಿಂದ ಹಣ ಕೊಟ್ಟು ಹೊರಡುತ್ತಾರೆ. ಸರಿಯಾಗಿ 30 ನಿಮಿಷವಾಗುತ್ತಲೇ ತಾನಾಗಿ ಆಫ್ ಆಗುತ್ತದೆ. ಮತ್ತೆ ಆನ್ ಮಾಡಿದರೆ ಮತ್ತೆ ಅರ್ಧ ಗಂಟೆ. ಇದು ಬಿಸಿಯಿಂದ ಆಗುತ್ತಿದೆ ಎಂದುಕೊಂಡು ಫ್ಯಾನ್ ಬದಲಿಸಿ, ಚಾರ್ಜರ್ ಬದಲಿಸಿ, ಕೊನೆಗೆ ವಿಂಡೋಸನ್ನೂ ಹೊಸದಾಗಿ ಹಾಕಿಸಿ ಸೋತವರಿದ್ದಾರೆ. ದೋಷ ಇರುವುದು ಚಿಪ್‌ಸೆಟ್ಟಿನ ಹೆಸರಿನಲ್ಲಿ. ಪೆಂಟಿಯಂ ಲ್ಯಾಪ್‌ಟಾಪ್ ಇದ್ದವರು ಸೌತ್‌ಬ್ರಿಡ್ಜ್ ಸಾಲನ್ನು ಎರಡು ಸಲ ಓದಬೇಕೆಂದು ಹೇಳುವುದು ಅದಕ್ಕೇ.

ಬಯಾಸ್ ಅಪ್‌ಡೇಟ್ ಬೇಕಿದ್ದರೆ ಹಳೆಯ ಪ್ರೊಸೆಸರ್ ಇರುವಾಗಲೇ ಮುಗಿಸಿಕೊಳ್ಳಿ. ಹೊಸದನ್ನು ಗುರುತಿಸದ ಬಯಾಸ್ ತನ್ನನ್ನು ತಾನು ಅಪ್‌ಡೇಟ್ ಮಾಡಿಕೊಳ್ಳುವ ಹಂತಕ್ಕೇ ಬರುವುದಿಲ್ಲ. ಅಪ್‌ಡೇಟ್ ನಡುವೆ ಕರೆಂಟು ಹೋದರೆ ಬೋರ್ಡ್ ಎದ್ದೇಳದೆ ಹೋಗಬಹುದು. ನಮ್ಮಲ್ಲಿ ಕರೆಂಟಿನ ವಿಶ್ವಾಸ ಎಷ್ಟೆಂದು ನಿಮಗೇ ಗೊತ್ತು, ಹಳೆಯ ಲ್ಯಾಪ್‌ಟಾಪ್‌ಗಳ ಬ್ಯಾಟರಿಯೋ ಸತ್ತಿರುತ್ತದೆ. ಯುಪಿಎಸ್ ಇರುವ ಕಡೆ ಮಾತ್ರ ಈ ಕೆಲಸಕ್ಕೆ ಕೈ ಹಾಕಿ. ಬ್ಯಾಟರಿಯಲ್ಲಿ ಚಾರ್ಜ್ ಇಲ್ಲದಿದ್ದರೆ ಅಪ್‌ಡೇಟ್ ಮಾಡಲು ಎಷ್ಟೋ ಲ್ಯಾಪ್‌ಟಾಪ್‌ಗಳು ಒಪ್ಪುವುದೇ ಇಲ್ಲ.

ಶಾಖದ ಲೆಕ್ಕ

ಪ್ರತಿ ಪ್ರೊಸೆಸರ್‌ಗೂ ಟಿಡಿಪಿ ಎಂಬ ಒಂದು ಅಂಕಿ ಇದೆ, ವ್ಯಾಟ್‌ಗಳಲ್ಲಿ. ಪೂರ್ತಿ ದುಡಿಯುವಾಗ ಅದು ಹೊರಹಾಕುವ ಶಾಖದ ಅಂದಾಜು ಅದು. ಎರಡು, ಮೂರನೆಯ ತಲೆಮಾರಿನ ಎರಡು ಕೋರ್‌ಗಳ ಎಂ ಪ್ರೊಸೆಸರ್‌ಗಳು ಸಾಮಾನ್ಯವಾಗಿ 35 ವ್ಯಾಟ್‌ನವು. ನಾಲ್ಕು ಕೋರ್‌ಗಳ ಕ್ಯೂಎಂಗಳಲ್ಲಿ ಹೆಚ್ಚಿನವು 45 ವ್ಯಾಟ್. ನಾಲ್ಕನೆಯ ತಲೆಮಾರಿನಲ್ಲಿ ಐ5-4200ಎಂ 37 ವ್ಯಾಟ್, ಐ7-4700ಎಂಕ್ಯೂ 47 ವ್ಯಾಟ್. ಹತ್ತು ವ್ಯಾಟ್ ಏನು ಮಹಾ ಎನಿಸಬಹುದು. ಬೆರಳುದ್ದದ ತಾಮ್ರದ ಕೊಳವೆ ಮತ್ತು ಅಂಗೈಯಗಲದ ಫ್ಯಾನ್ ಇರುವ ಜಾಗದಲ್ಲಿ ಅದು ಬಹಳ ದೊಡ್ಡದು. ತಡೆಯಲಾರದಾಗ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಐ7ಕ್ಕೆ ಹಣ ಕೊಟ್ಟು ಐ3ರ ಓಟ ಪಡೆದಂತಾಗುತ್ತದೆ.

ಇದಕ್ಕೆ ನಡುವಿನ ದಾರಿ ಇದೆ, ಅದು ಹೆಚ್ಚು ಜನರಿಗೆ ತಿಳಿದಿಲ್ಲ. ಐ7-3632ಕ್ಯೂಎಂ ನಾಲ್ಕು ಕೋರ್‌ಗಳದ್ದಾದರೂ 35 ವ್ಯಾಟ್‌ನದು. ನಾಲ್ಕನೆಯ ತಲೆಮಾರಿನಲ್ಲಿ ಐ7-4702ಎಂಕ್ಯೂ, ಐ7-4712ಎಂಕ್ಯೂ 37 ವ್ಯಾಟ್‌ನವು. ಹಳೆಯ ಫ್ಯಾನಿನ ಅಳತೆಯನ್ನು ಇವು ಮೀರುವುದಿಲ್ಲ. ಹುಡುಕುವುದಾದರೆ ಇವನ್ನೇ ಹುಡುಕಿ. ಕೊಳ್ಳುವಾಗ 3632ಕ್ಯೂಎಂ ಕೂಡ ಎರಡು ರೂಪದಲ್ಲಿ ಬಂದಿದೆ ಎಂಬುದನ್ನು ಮಾತ್ರ ಮರೆಯಬೇಡಿ, ನಿಮಗೆ ಬೇಕಿರುವುದು ಪಿನ್ ಇರುವುದು. 45 ವ್ಯಾಟ್‌ನದೇ ಬೇಕೆಂದರೆ ಅದೇ ಮಾಡೆಲ್‌ನ ಪ್ರತ್ಯೇಕ ಗ್ರಾಫಿಕ್ಸ್ ಇರುವ ಆವೃತ್ತಿಯ ದೊಡ್ಡ ಹೀಟ್ ಸಿಂಕ್ ಸಿಗುತ್ತದೆಯೇ ವಿಚಾರಿಸಿ. ಚಾರ್ಜರ್ 65 ವ್ಯಾಟ್‌ನದಾದರೆ 90ರದ್ದು ಬೇಕಾಗಬಹುದು.

ನಮ್ಮ ಚಾಮರಾಜನಗರ ಜಿಲ್ಲೆಯಲ್ಲಿ ದೂಳಿಗೆ ಬರವಿಲ್ಲ. ಕರಿಕಲ್ಲು ಗಣಿಗಳ ಸುತ್ತಲಿನ ಊರುಗಳಲ್ಲಿ, ರಸ್ತೆ ಬದಿಯ ಅಂಗಡಿಗಳಲ್ಲಿ ಬಳಸುವ ಲ್ಯಾಪ್‌ಟಾಪ್‌ಗಳ ಫ್ಯಾನ್ ಬಿಚ್ಚಿದರೆ ಹೀಟ್ ಸಿಂಕಿನ ಬಾಯಿಗೆ ದೂಳು ಕಂಬಳಿಯಂತೆ ಹೆಣೆದುಕೊಂಡಿರುತ್ತದೆ. ಅದನ್ನು ಬಿಡಿಸಿ, ಒಣಗಿ ಪುಡಿಯಾದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದರೆ ಸಾಕು, ಹಳೆಯ ಪ್ರೊಸೆಸರೇ ತನ್ನ ನಿಜವಾದ ವೇಗಕ್ಕೆ ಮರಳುವುದುಂಟು. ಪ್ರೊಸೆಸರ್ ಬದಲಿಸುವ ಮಾತಿಗೆ ಮೊದಲು ಈ ಸ್ವಚ್ಛತೆ ಮಾಡಿಸಿ ನೋಡಿ. ಇಷ್ಟರಲ್ಲೇ ತೃಪ್ತಿಯಾಗಿ ಹಿಂತಿರುಗುವವರು ಕಡಿಮೆಯೇನಿಲ್ಲ.

ಲಾಭ ಎಷ್ಟು?

ಐ7 ಎಂದರೆ ನಾಲ್ಕು ಕೋರ್ ಎಂದು ಎಲ್ಲರೂ ತಿಳಿದಿದ್ದಾರೆ. ಆ ಕಾಲದ ಲ್ಯಾಪ್‌ಟಾಪ್‌ಗಳಲ್ಲಿ ಹಾಗಿರಲಿಲ್ಲ. ಐ7-3520ಎಂ ಎರಡೇ ಕೋರ್‌ಗಳದ್ದು, ವೇಗ 2.9ರಿಂದ 3.6 ಗಿಗಾಹರ್ಟ್ಸ್. ಅದಕ್ಕಿಂತ ಅಗ್ಗದ ಐ5-3320ಎಂ ಕೂಡ ಎರಡು ಕೋರ್‌ಗಳದ್ದೇ, 2.6ರಿಂದ 3.3. ಈ ಎರಡರ ನಡುವಿನ ಅಂತರವನ್ನು ಟೈಪ್ ಮಾಡುವಾಗ, ಬ್ರೌಸ್ ಮಾಡುವಾಗ ಯಾರೂ ಗುರುತಿಸಲಾರರು. ಐ5 ತೆಗೆದು ಎರಡು ಕೋರ್‌ಗಳ ಐ7 ಹಾಕಿಸುವುದು ಶುದ್ಧ ದಂಡ. ಎರಡರಿಂದ ನಾಲ್ಕು ಕೋರ್‌ಗಳಿಗೆ ಹೋದರೆ ಮಾತ್ರ ವಿಡಿಯೊ ಎಡಿಟಿಂಗ್, ದೊಡ್ಡ ಪ್ರೋಗ್ರಾಂಗಳ ಕಂಪೈಲ್ ಮುಂತಾದ ಕೆಲಸಗಳಲ್ಲಿ ಫಲ ಕಾಣುತ್ತದೆ. ಚಾಮರಾಜನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗೆ ಇದು ಉಪಯೋಗಕ್ಕೆ ಬರಬಹುದು. ನುಡಿ, ಬರಹ ತಂತ್ರಾಂಶಗಳಲ್ಲಿ ಅರ್ಜಿ ಟೈಪ್ ಮಾಡುವವರಿಗೆ ಬೇಕಿಲ್ಲ.

ಇನ್ನೊಂದು ಸಂಗತಿಯನ್ನು ಅಂಗಡಿಗಳಲ್ಲಿ ಹೇಳುವವರು ಕಡಿಮೆ. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11ಕ್ಕೆ ಅಧಿಕೃತವಾಗಿ ಬೇಕಿರುವುದು, ಒಂದೆರಡು ಅಪವಾದ ಬಿಟ್ಟರೆ, ಎಂಟನೆಯ ತಲೆಮಾರು ಅಥವಾ ಅದಕ್ಕಿಂತ ಈಚಿನ ಇಂಟೆಲ್ ಪ್ರೊಸೆಸರ್. ಸಾಕೆಟ್ ಇರುವ ಲ್ಯಾಪ್‌ಟಾಪ್‌ಗಳು ನಾಲ್ಕನೆಯ ತಲೆಮಾರಿಗೇ ಮುಗಿದಿವೆ. ಹಾಗಾದರೆ ಪ್ರೊಸೆಸರ್ ಬದಲಿಸಬಹುದಾದ ಈ ಲ್ಯಾಪ್‌ಟಾಪ್‌ಗಳಲ್ಲಿ ಎಂಥ ಐ7 ಹಾಕಿಸಿದರೂ ಅದು ವಿಂಡೋಸ್ 11ರ ಪಟ್ಟಿಯೊಳಗೆ ಬರುವುದಿಲ್ಲ. ಅಡ್ಡದಾರಿಗಳಿವೆ, ಆದರೆ ಬ್ಯಾಂಕಿನ ಕೆಲಸ, ಗ್ರಾಹಕರ ಆಧಾರ್ ದಾಖಲೆ ಇಟ್ಟುಕೊಳ್ಳುವ ಲ್ಯಾಪ್‌ಟಾಪಿಗೆ ಅಡ್ಡದಾರಿಯನ್ನು ನಾನು ಹೇಳಲಾರೆ. ಅಂಥವಕ್ಕೆ ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿಸುವುದು ನೇರವಾದ ದಾರಿ. ಯೂನಿಕೋಡ್ ಕನ್ನಡ ಎರಡರಲ್ಲೂ ಸೊಗಸಾಗಿ ಬರುತ್ತದೆ. ಹಳೆಯ ನುಡಿ ಅಕ್ಷರಗಳ ಕಡತಗಳನ್ನೇ ನೆಚ್ಚಿಕೊಂಡವರಿಗೆ ಮಾತ್ರ ಸ್ವಲ್ಪ ಕಷ್ಟ.

ಬದಲಿಸಲು ಬರದಿದ್ದರೆ

ನಿಧಾನದ ಮೂಲ ಬಹಳ ಸಲ ಪ್ರೊಸೆಸರ್ ಅಲ್ಲವೇ ಅಲ್ಲ, ಹಾರ್ಡ್ ಡಿಸ್ಕ್. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಲ್ಯಾಪ್‌ಟಾಪ್ ಹ್ಯಾಂಗ್ ಆದಂತಿರುವಾಗ ಡಿಸ್ಕ್ ನೂರರಲ್ಲಿದ್ದು, ಸಿಪಿಯು ಇಪ್ಪತ್ತು ಮೂವತ್ತರಲ್ಲಿ ಆಕಳಿಸುತ್ತಿದ್ದರೆ ಅಪರಾಧಿ ಸಿಕ್ಕಂತೆ. ತಿರುಗುವ ಹಾರ್ಡ್ ಡಿಸ್ಕಿನ ಜಾಗಕ್ಕೆ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿಸಿದರೆ ಕೋರ್ 2 ಡ್ಯುಯೊ ಕೂಡ ಎದ್ದು ಕೂರುತ್ತದೆ. ಹಳೆಯ ಡಿಸ್ಕ್ 9.5 ಮಿ.ಮೀ. ದಪ್ಪ, ಎಸ್‌ಎಸ್‌ಡಿ ಸಾಮಾನ್ಯವಾಗಿ 7 ಮಿ.ಮೀ., ಅಲುಗದಂತೆ ಒಂದು ಪಟ್ಟಿ ಬೇಕಾಗಬಹುದು. ಎಂ.2 ಕಿಂಡಿ ಇರುವ ಲ್ಯಾಪ್‌ಟಾಪ್ ಆದರೆ ಆ ಕಿಂಡಿ ಸಾಟಾದ್ದೋ ಎನ್‌ವಿಎಂಇದ್ದೋ ಎಂದು ಮ್ಯಾನುಯಲ್ ನೋಡಿಯೇ ಕೊಳ್ಳಿ. ಎರಡೂ ನೋಡಲು ಒಂದೇ ಥರ, ಕೆಲಸ ಬೇರೆ.

ರ‍್ಯಾಮ್ ವಿಚಾರದಲ್ಲೂ ಸಾಕೆಟ್ಟಿನಂಥದೇ ಹೊಂದಾಣಿಕೆಯ ಪ್ರಶ್ನೆ ಇದೆ. ಲ್ಯಾಪ್‌ಟಾಪಿನ ಡಿಡಿಆರ್3ಕ್ಕೆ 204 ಪಿನ್, ಡಿಡಿಆರ್4ಕ್ಕೆ 260. ನಡುವಿನ ಕಚ್ಚಿನ ಜಾಗವೂ ಬೇರೆ, ಒಂದರದು ಇನ್ನೊಂದಕ್ಕೆ ಹೋಗದು. ಡಿಡಿಆರ್3ರಲ್ಲೇ 1.5 ವೋಲ್ಟಿನದು ಮತ್ತು 1.35 ವೋಲ್ಟಿನ ಡಿಡಿಆರ್3ಎಲ್ ಎಂದು ಎರಡಿವೆ. ನಾಲ್ಕನೆಯ ತಲೆಮಾರಿನವಕ್ಕೆ ಎಲ್ ಇರುವುದೇ ಬೇಕು. ಅಂಗಡಿಯಲ್ಲಿ ಬಿದ್ದಿರುವ ಹಳೆಯ 1.5ರದ್ದನ್ನು ಹಾಕಿದರೆ ಆನ್ ಆಗದಿರಬಹುದು. ಇತ್ತೀಚಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಕೂಡ ಬೆಸುಗೆಯೇ. 2024ರ ಇಂಟೆಲ್ ಕೋರ್ ಅಲ್ಟ್ರಾ 200ವಿ ಸರಣಿಯಲ್ಲಂತೂ ರ‍್ಯಾಮ್ ಪ್ರೊಸೆಸರ್‌ನ ಜೊತೆಗೇ ಒಂದೇ ತಟ್ಟೆಯ ಮೇಲೆ ಬರುತ್ತದೆ. ಹೊಸದು ಕೊಳ್ಳುವವರು ಆ ದಿನವೇ 16 ಜಿಬಿ ಇರುವುದನ್ನು ಕೊಳ್ಳುವುದು ಒಳ್ಳೆಯದು, ಆಮೇಲೆ ಸೇರಿಸಲು ಜಾಗವೇ ಇರುವುದಿಲ್ಲ.

ಕೊಳ್ಳುವಾಗ, ಹಾಕಿಸುವಾಗ

ಇಷ್ಟೆಲ್ಲ ಜರಡಿ ಹಿಡಿದ ಮೇಲೂ ನಿಮ್ಮ ಲ್ಯಾಪ್‌ಟಾಪ್ ಪಾಸಾದರೆ ಪ್ರೊಸೆಸರ್ ಹುಡುಕಬೇಕು. ಹೊಸದು ಸಿಗುವುದಿಲ್ಲ, ತಯಾರಿಕೆ ನಿಂತು ವರ್ಷಗಳಾದವು. ಸಿಗುವುದೆಲ್ಲ ಕೆಟ್ಟ ಲ್ಯಾಪ್‌ಟಾಪ್‌ಗಳಿಂದ ತೆಗೆದದ್ದು. ಒಂದು ಕಾಲದಲ್ಲಿ ಚೀನಾದ ಅಲಿಎಕ್ಸ್‌ಪ್ರೆಸ್‌ನಿಂದ ನೇರವಾಗಿ ತರಿಸುತ್ತಿದ್ದರು. 2020ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅದನ್ನು ನಿರ್ಬಂಧಿಸಿತು. ಈಗ ಎಸ್.ಪಿ. ರಸ್ತೆ, ಮೈಸೂರಿನ ರಿಪೇರಿ ಅಂಗಡಿಗಳು, ಆನ್‌ಲೈನ್ ಮಾರಾಟಗಾರರು ಇದ್ದಾರೆ. ಗುಂಡ್ಲುಪೇಟೆಗೆ ರೈಲಿಲ್ಲ, ಮೈಸೂರು ಬಸ್ಸಿನಲ್ಲಿ ಸುಮಾರು 60 ಕಿ.ಮೀ. ಸುಲ್ತಾನ್ ಬತ್ತೇರಿಯೂ ಹೆಚ್ಚು ಕಡಿಮೆ ಅಷ್ಟೇ ದೂರ, ವಯನಾಡಿನ ಕಡೆ ಬಳಕೆ ಇರುವವರು ಅಲ್ಲಿಗೂ ಹೋಗುತ್ತಾರೆ. ಸ್ವಂತ ಗಾಡಿಯಲ್ಲಿ ಹೋದವರು ಬಂಡೀಪುರದ ದಾರಿ ರಾತ್ರಿ 9ಕ್ಕೆ ಮುಚ್ಚುತ್ತದೆ ಎಂಬುದನ್ನು ನೆನಪಿಟ್ಟುಕೊಂಡು ರಿಪೇರಿಗೆ ಕೂರಬೇಕು.

ಎರಡನೆಯ ತಲೆಮಾರಿನಿಂದ ಈಚಿನ ಇಂಟೆಲ್ ಪ್ರೊಸೆಸರ್ ಮೇಲೆ ಎಸ್‌ಆರ್ ಎಂದು ಆರಂಭವಾಗುವ ಐದಕ್ಷರದ ಕೋಡ್ ಕೆತ್ತಿರುತ್ತದೆ. ಅದನ್ನು ಗೂಗಲ್‌ನಲ್ಲಿ ಹಾಕಿದರೆ ಅದು ಯಾವ ಪ್ರೊಸೆಸರ್, ಪಿನ್‌ನದೋ ಬೆಸುಗೆಯದೋ ತಿಳಿಯುತ್ತದೆ. ಕೋಡ್ ಕ್ಯೂ ಅಕ್ಷರದಿಂದ ಶುರುವಾಗಿದ್ದರೆ ಅದು ಕಂಪನಿ ಪರೀಕ್ಷೆಗೆಂದು ಮಾಡಿದ ಮಾದರಿ, ಅಂಗಡಿಗೆ ಬರಬಾರದಿದ್ದ ಮಾಲು. ಎಷ್ಟೇ ಅಗ್ಗವಾಗಿದ್ದರೂ ಬೇಡ. ಪಿನ್‌ಗಳನ್ನು ಬೆಳಕಿಗೆ ಅಡ್ಡ ಹಿಡಿದು ಸಾಲು ಸಾಲಾಗಿ ನೋಡಿ, ಒಂದೇ ಒಂದು ವಾಲಿದ್ದರೂ ವಾಪಸ್ ಕೊಡಿ. ಓಡದಿದ್ದರೆ ಹಿಂದಿರುಗಿಸುವ ಮಾತನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಹಾಕುವ ಕೆಲಸ ಕಷ್ಟದ್ದಲ್ಲ, ಅವಸರದ್ದೂ ಅಲ್ಲ. ಚಾರ್ಜರ್ ಕಿತ್ತು, ಬ್ಯಾಟರಿ ತೆಗೆದು ಆಮೇಲೆ ಬಿಚ್ಚಬೇಕು. ಹೀಟ್ ಸಿಂಕಿನ ಸ್ಕ್ರೂಗಳ ಪಕ್ಕದಲ್ಲಿ 1, 2, 3, 4 ಎಂದು ಬರೆದಿದ್ದರೆ ಬಿಗಿಯುವುದು ಅದೇ ಕ್ರಮದಲ್ಲಿ. ಪ್ರೊಸೆಸರ್‌ನ ಒಂದು ಮೂಲೆಯ ಪುಟ್ಟ ತ್ರಿಕೋನ ಸಾಕೆಟ್ಟಿನ ಗುರುತಿಗೆ ಎದುರಾದರೆ ಅದು ತನ್ನ ಭಾರಕ್ಕೇ ಇಳಿದು ಕೂರುತ್ತದೆ. ಒತ್ತುವ ಪ್ರಮೇಯ ಬಂತೆಂದರೆ ಏನೋ ತಪ್ಪಾಗಿದೆ. ಪೇಸ್ಟ್ ಅಕ್ಕಿ ಕಾಳಿನಷ್ಟು ಸಾಕು.

ಆನ್ ಆದ ಕೂಡಲೇ ಹಣ ಕೊಟ್ಟು ಬಸ್ ಸ್ಟ್ಯಾಂಡಿಗೆ ಓಡಬೇಡಿ. ಅಂಗಡಿಯಲ್ಲೇ ಮುಕ್ಕಾಲು ಗಂಟೆ ಕೂತು ಒಂದು ವಿಡಿಯೊ ಓಡಿಸಿ. ಎಚ್‌ಎಂ70ರ ಚಾಳಿ ಇದ್ದರೆ ಅಷ್ಟರೊಳಗೆ ಬಯಲಾಗುತ್ತದೆ. ಸಿಪಿಯು-ಝಡ್‌ನಲ್ಲಿ ಹೆಸರು, ಕೋರ್‌ಗಳ ಸಂಖ್ಯೆ ನೀವು ಹಣ ಕೊಟ್ಟದ್ದಕ್ಕೆ ಸರಿಯಿದೆಯೇ ನೋಡಿ. ಎಚ್‌ಡಬ್ಲ್ಯು ಇನ್ಫೋ ಎಂಬ ತಂತ್ರಾಂಶದಲ್ಲಿ ಶಾಖ ಗಮನಿಸಿ, ದುಡಿಸಿದಾಗ 90 ಡಿಗ್ರಿಯ ಆಚೆಗೆ ಹೋಗಿ ಅಲ್ಲೇ ನಿಂತರೆ ಪೇಸ್ಟೋ ಸ್ಕ್ರೂವೋ ಸರಿಯಿಲ್ಲ, ಅಲ್ಲೇ ಮತ್ತೊಮ್ಮೆ ಬಿಚ್ಚಿಸಿ. ಹೊರಡುವಾಗ ಹಳೆಯ ಪ್ರೊಸೆಸರನ್ನು ಕೇಳಿ ಇಸಿದುಕೊಳ್ಳಿ. ಪಿನ್ ಬಾಗದಂತೆ ಗಟ್ಟಿ ಡಬ್ಬಿಯಲ್ಲಿಟ್ಟುಕೊಂಡರೆ, ಹೊಸದು ಮುಂದಿನ ವಾರ ಕೈಕೊಟ್ಟರೂ ಲ್ಯಾಪ್‌ಟಾಪ್ ಮೂಲೆ ಸೇರುವುದಿಲ್ಲ.